ವಂಶಾವಳಿ, ದಾಖಲೆ ಮತ್ತು ಡಿ.ಎನ್.ಎ.: ಚೆನ್ನೈನ ಕನ್ನಡ ಮನೆತನಗಳ ಮೂಲಶೋಧನೆಯ ಕೆಲವು ಪ್ರಶ್ನೆಗಳು

೧

ಹೊರನಾಡಿನಲ್ಲಿ ಹಲವು ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆತನಗಳಲ್ಲಿ 'ನಾವು ಎಲ್ಲಿಂದ ಬಂದವರು' ಎಂಬ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಮನೆಮಾತು ಕನ್ನಡ, ಬೀದಿಯ ಮಾತು ತಮಿಳು, ಮನೆದೇವರು ಎಲ್ಲೋ ತುಂಗಭದ್ರೆಯ ಆಚೆ. ಇಂಥ ಮನೆಗಳಲ್ಲಿ ಮೂಲವನ್ನು ಕುರಿತ ಕುತೂಹಲ ಸಹಜವಾದುದು. ಹಿಂದೆ ಈ ಪ್ರಶ್ನೆಗೆ ಉತ್ತರವನ್ನು ಹಿರಿಯರ ಬಾಯಿಂದ ಕೇಳುತ್ತಿದ್ದರು. ಬಳಿಕ ಓಲೆಗರಿ, ಕಡತ, ಸರ್ಕಾರಿ ದಫ್ತರಗಳಲ್ಲಿ ಹುಡುಕಿದರು. ಈಚಿನ ವರ್ಷಗಳಲ್ಲಿ ಡಿ.ಎನ್.ಎ. ಪರೀಕ್ಷೆಯೂ ಒಂದು ಆಕರವಾಗಿ ಒದಗಿದೆ. ಎಂಜಲಿನ ಮಾದರಿಯೊಂದನ್ನು ಕೊಟ್ಟರೆ ವಂಶದ ಮೂಲವೇ ತಿಳಿಯುತ್ತದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರುತ್ತಿದೆ.

ಈ ನಂಬಿಕೆ ಎಷ್ಟರಮಟ್ಟಿಗೆ ಸಾಧುವಾದುದು? ಹಳೆಯ ದಾಖಲೆ ಹಾಗೂ ಡಿ.ಎನ್.ಎ. ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆಯೆ? ಅವೆರಡೂ ಒಂದಕ್ಕೊಂದು ಹೊಂದದಿದ್ದಾಗ ಸಂಶೋಧಕನು ಯಾವುದನ್ನು ನಂಬಬೇಕು? ಚೆನ್ನೈ ನಗರವನ್ನು ಕೇಂದ್ರವಾಗಿರಿಸಿಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕರ್ನಾಟಕದ ಹೊರಗೆ ಕೆಲಸ ಮಾಡುತ್ತಿರುವ ಸಂಶೋಧಕರಿಗೆ ಚೆನ್ನೈನಷ್ಟು ಸಮೃದ್ಧವಾದ ಕನ್ನಡ ಆಕರಗಳ ನೆಲೆ ಮತ್ತೊಂದು ದೊರೆಯುವುದು ವಿರಳವೆಂಬುದೂ ಈ ಆಯ್ಕೆಗೆ ಕಾರಣವಾಗಿದೆ.

೨

ಚೆನ್ನೈನ ಕನ್ನಡಿಗರು ಒಂದೇ ಕಾಲದಲ್ಲಿ ಒಂದೇ ಕಡೆಯಿಂದ ಬಂದವರಲ್ಲ. ಸ್ಥೂಲವಾಗಿ ಮೂರು ಪದರಗಳನ್ನು ಗುರುತಿಸಬಹುದು. ವಿಜಯನಗರದ ಕಾಲದಲ್ಲಿ ಮತ್ತು ಅದರ ಪತನಾನಂತರ ದಕ್ಷಿಣಕ್ಕೆ ಸರಿದರೆಂದು ಹೇಳಿಕೊಳ್ಳುವ ದೇವಾಂಗ, ಅನುಪ್ಪ, ಕಪ್ಪಿಲಿಯ ಮೊದಲಾದ ನೇಕಾರ ಹಾಗೂ ಒಕ್ಕಲು ಸಮುದಾಯಗಳದು ಮೊದಲನೆಯ ಪದರ. ಇವರ ನೆಲೆಗಳು ಹೆಚ್ಚಾಗಿ ಕೊಯಮತ್ತೂರು, ಮಧುರೆ, ದಿಂಡಿಗಲ್, ತೇನಿ ಸೀಮೆಗಳಲ್ಲಿದ್ದು, ಅಲ್ಲಿಂದ ಕೆಲವರು ರಾಜಧಾನಿಗೆ ಬಂದರು. ಮದರಾಸು ಪ್ರಾಂತದ ಆಡಳಿತದಿಂದಾಗಿ ಬಂದವರದು ಎರಡನೆಯ ಪದರ. ಬಳ್ಳಾರಿಯು ೧೯೫೩ರ ಅಕ್ಟೋಬರ್ ೧ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲಗಳು ೧೯೫೬ರ ನವೆಂಬರ್ ೧ರವರೆಗೆ ಮದರಾಸಿನ ಆಳ್ವಿಕೆಯಲ್ಲಿದ್ದವು. ನೌಕರಿ, ವಕೀಲಿ, ವಿದ್ಯಾಭ್ಯಾಸಗಳಿಗಾಗಿ ಆ ಭಾಗದವರು ಇಲ್ಲಿಗೆ ಬರುವುದು ಆಗ ಪರರಾಜ್ಯಕ್ಕೆ ಹೋಗುವುದಾಗಿರಲಿಲ್ಲ. ಉಡುಪಿ ಸೀಮೆಯ ಹೋಟೆಲು ಉದ್ಯಮದವರದು ಮೂರನೆಯ ಪದರ. ೧೯೩೮ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದ ಕಡಂದಲೆಯ ಕೃಷ್ಣರಾಯರು ಈ ಪದರದ ಪ್ರಸಿದ್ಧ ಪ್ರತಿನಿಧಿ.

ಈ ವಿಂಗಡಣೆ ನಮ್ಮ ವಿಷಯಕ್ಕೆ ಅವಶ್ಯಕವಾದುದು. ಮೂರನೆಯ ಪದರದವರ ಮೂಲವನ್ನು ಅರಿಯಲು ಮೂರು-ನಾಲ್ಕು ತಲೆಮಾರು ಹಿಂದೆ ಹೋದರೆ ಸಾಕು. ಎರಡನೆಯದಕ್ಕೆ ಐದಾರು ತಲೆಮಾರು ಹೋಗಬೇಕು. ಒಂದು ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷಗಳೆಂದು ಹಿಡಿದರೆ, ೧೫೬೫ರ ಯುದ್ಧದ ಕಾಲಕ್ಕೆ ತಲುಪಲು ಹದಿನೈದರಿಂದ ಹದಿನೆಂಟು ತಲೆಮಾರು ಹಿಂದಕ್ಕೆ ಸಾಗಬೇಕಾಗುತ್ತದೆ. ಒಂದೊಂದು ಆಕರಕ್ಕೂ ಅದರದೇ ಆದ ದೃಷ್ಟಿದೂರವಿದೆ. ಅದನ್ನು ಅರಿಯದೆ ಹೊರಟರೆ ಶೋಧನೆ ದಾರಿ ತಪ್ಪುತ್ತದೆ.

೩

ಚೆನ್ನೈನಲ್ಲಿ ದೊರೆಯುವ ಲಿಖಿತ ಆಕರಗಳನ್ನು ಮೊದಲು ಗಮನಿಸೋಣ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಯ ಮೋಜಣಿಯನ್ನು ಕೈಗೊಂಡ ಕರ್ನಲ್ ಕಾಲಿನ್ ಮೆಕೆಂಜಿ (೧೭೫೪–೧೮೨೧), ಕಾವಲಿ ಸೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದ ದೇಶೀಯ ಸಹಾಯಕರ ನೆರವಿನಿಂದ ಊರೂರುಗಳ ವೃತ್ತಾಂತಗಳನ್ನು ಬರೆಯಿಸಿದನು. ಇವೇ ಕೈಫಿಯತ್ತುಗಳು. ಈ ಸಂಗ್ರಹದ ದೇಶಭಾಷೆಗಳ ಭಾಗ ಕಾಲಾಂತರದಲ್ಲಿ ಮದರಾಸಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವನ್ನು ಸೇರಿತು. ಕನ್ನಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿಯವರು ಸಂಪಾದಿಸಿಕೊಟ್ಟುದರಿಂದ (ಹಂಪಿ ಕನ್ನಡ ವಿಶ್ವವಿದ್ಯಾಲಯ, ೧೯೯೪) ಹೊರನಾಡಿನ ಸಂಶೋಧಕರಿಗೂ ಅವು ಸುಲಭವಾಗಿ ದೊರೆಯುವಂತಾಯಿತು. ಪಾಳೆಯಗಾರರು, ಗೌಡರು, ಶಾನುಭೋಗರು, ಮಠ-ದೇವಾಲಯಗಳ ಸ್ಥಾನಿಕರು ಇವರ ವಂಶಕ್ರಮಗಳು ಕೈಫಿಯತ್ತುಗಳಲ್ಲಿ ಹೇರಳವಾಗಿವೆ.

ಎಳುಂಬೂರಿನಲ್ಲಿರುವ ತಮಿಳುನಾಡು ದಾಖಲೆಗಳ ಭಂಡಾರ ಎರಡನೆಯ ಮುಖ್ಯ ನೆಲೆ. ಮದರಾಸು ದಾಖಲೆ ಕಚೇರಿ ಎಂಬ ಹೆಸರಿನಿಂದ ೧೯೦೯ರಲ್ಲಿ ಅದು ಅಲ್ಲಿ ನೆಲೆಗೊಂಡಿತು. ಮನೆತನಗಳ ಇತಿಹಾಸಕ್ಕೆ ಪ್ರಾಂತದ ಕಂದಾಯ ದಾಖಲೆಗಳಲ್ಲಿ ಅತ್ಯಂತ ಉಪಯುಕ್ತವಾದವು ೧೮೫೮ರಲ್ಲಿ ಆರಂಭವಾದ ಇನಾಮು ಆಯೋಗದ ವಹಿಗಳು. ಮೂಲ ದತ್ತಿಯನ್ನು ಪಡೆದವನಾರು, ಕೊಟ್ಟವರಾರು, ಈಗ ಅನುಭವಿಸುತ್ತಿರುವವನ ಹೆಸರೇನು, ವಯಸ್ಸೆಷ್ಟು, ಮೂಲ ಪುರುಷನಿಗೂ ಅವನಿಗೂ ಏನು ಸಂಬಂಧ, ವಾರಸುದಾರರಾರು ಎಂಬ ವಿವರಗಳನ್ನು ಅವುಗಳಲ್ಲಿ ಅಂಕಣ ಅಂಕಣವಾಗಿ ನಮೂದಿಸಲಾಗಿದೆ. ಇನಾಮು ಭೂಮಿಯಿದ್ದ ಬಳ್ಳಾರಿ ಸೀಮೆಯ ಮನೆತನವೊಂದಕ್ಕೆ ಇಂಥ ಒಂದು ನಮೂದು ಸಿಕ್ಕರೆ ನಾಲ್ಕೈದು ತಲೆಮಾರುಗಳು ಒಮ್ಮೆಗೇ ತೆರೆದುಕೊಳ್ಳುತ್ತವೆ. ಭೂಮಿಯಿಲ್ಲದವನ ಹೆಸರು ಮಾತ್ರ ಅಲ್ಲಿ ಇರುವುದಿಲ್ಲ ಎಂಬುದನ್ನೂ ಮರೆಯಬಾರದು.

ಇವುಗಳ ಜೊತೆಗೆ ಸರ್ಕಾರದ ಕೈಗೆ ಸಿಕ್ಕದ ಆಕರಗಳೂ ಇವೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು ಬಳಪದಿಂದ ಬರೆಯುತ್ತಿದ್ದ ಕಡತಗಳು ಶಾನುಭೋಗರ ಮನೆಗಳಲ್ಲಿ, ಮಠಗಳಲ್ಲಿ ಉಳಿದುಬಂದಿವೆ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ, ಬಂಡಿಗಳಲ್ಲಿ ಊರೂರು ಸುತ್ತಿ ಒಕ್ಕಲು ಮನೆಗಳ ವಂಶಾವಳಿಗಳನ್ನು ಹೇಳುವ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಳ್ಳುವ ವೃತ್ತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಚೆನ್ನೈನ ಮನೆತನವೊಂದು ತನ್ನ ಮೂಲ ಊರನ್ನು ಗುರುತಿಸಬಲ್ಲುದಾದರೆ, ಆ ಊರಿಗೆ ಬರುವ ಹೆಳವರ ಪುಸ್ತಕ ಸರ್ಕಾರಿ ವಹಿಗಿಂತ ಹಿಂದಕ್ಕೆ ಹೋಗಬಹುದು.

೪

ದಾಖಲೆಯೆಂದೊಡನೆ ಅದು ಸತ್ಯವೆಂದು ತಿಳಿಯಬಾರದು. ಮೂರು ಬಗೆಯ ತೊಡಕುಗಳನ್ನು ಇಲ್ಲಿ ಹೇಳಬೇಕು.

ಮೊದಲನೆಯದು ಹೆಸರು ಮತ್ತು ಕಾಲಗಳ ತೊಡಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ತಲೆಮಾರು ಬಿಟ್ಟು ತಲೆಮಾರಿಗೆ ಅದೇ ಹೆಸರು ಮರಳುತ್ತದೆ. ಇಬ್ಬರನ್ನು ಒಬ್ಬನೆಂದು ಎಣಿಸಿದರೆ ಐವತ್ತು ವರ್ಷಗಳು ಕಾಣೆಯಾಗುತ್ತವೆ. ಕಾಲವನ್ನು ಸಂವತ್ಸರದಿಂದ ಮಾತ್ರ ಸೂಚಿಸಿದ್ದರೆ ತೊಡಕು ಮತ್ತಷ್ಟು ಹೆಚ್ಚುತ್ತದೆ. ಶ್ರೀರಂಗಪಟ್ಟಣ ಬಿದ್ದ ಸಿದ್ಧಾರ್ಥಿ ಸಂವತ್ಸರವೇ ೧೮೫೯ರಲ್ಲಿಯೂ ೧೯೧೯ರಲ್ಲಿಯೂ ಮರಳಿ ಬಂದಿದೆ. ಶಕವರ್ಷದ ಉಲ್ಲೇಖವಿಲ್ಲದ ಪತ್ರದಲ್ಲಿ ಅರವತ್ತು ವರ್ಷಗಳ ತಪ್ಪು ಸುಲಭವಾಗಿ ನುಸುಳುತ್ತದೆ.

ಎರಡನೆಯದು ಉದ್ದೇಶದ ತೊಡಕು. ಹಕ್ಕನ್ನು ಸ್ಥಾಪಿಸುವುದಕ್ಕಾಗಿ ಬರೆಯಿಸಿದ ವಂಶಾವಳಿಯಲ್ಲಿ ಹಕ್ಕಿಗೆ ಅಡ್ಡಿಯಾದವರು ಕಾಣಿಸುವುದಿಲ್ಲ. ವಲಸೆಯ ಕತೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬೆನ್ನಟ್ಟಿ ಬಂದ ಸೈನ್ಯದಿಂದ ತಪ್ಪಿಸಿಕೊಂಡು ಹೊಳೆಯ ದಡಕ್ಕೆ ಬಂದಾಗ ಮರ ಬಾಗಿ ದಾರಿ ಕೊಟ್ಟಿತೆಂಬ ಕತೆಯನ್ನು ದಕ್ಷಿಣಕ್ಕೆ ವಲಸೆ ಬಂದ ಒಂದಕ್ಕಿಂತ ಹೆಚ್ಚು ಸಮುದಾಯಗಳು ಹೇಳುತ್ತವೆ. ಹಲವರು ಹಂಚಿಕೊಂಡಿರುವ ಕತೆಯನ್ನು ಒಂದು ಮನೆತನದ ಸಾಕ್ಷ್ಯವೆಂದು ಸ್ವೀಕರಿಸಲಾಗದು. ಆದರೆ ಕತೆಯೆಂದ ಮಾತ್ರಕ್ಕೆ ಅದು ತಿರಸ್ಕಾರ್ಯವೂ ಅಲ್ಲ. ನೀಲಗಿರಿಯ ಬಡಗರು ತಾವು ಮೈಸೂರಿನ ಬಯಲುಸೀಮೆಯಿಂದ ಬೆಟ್ಟವೇರಿ ಬಂದವರೆಂದು ಹೇಳುತ್ತಾರೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರವಾದುದು. ೧೬೦೩ರಲ್ಲಿ ಆ ಬೆಟ್ಟಗಳಿಗೆ ಹೋದ ಜೆಸುಯಿಟ್ ಪಾದ್ರಿ ಫೆನಿಸಿಯೊ ಅಲ್ಲಿ ಬಡಗರ ಹಳ್ಳಿಗಳಿದ್ದುದನ್ನು ದಾಖಲಿಸಿದ್ದಾನೆ. ಆದ್ದರಿಂದ ವಲಸೆ ಆ ವರ್ಷಕ್ಕಿಂತ ಮೊದಲೇ ಆರಂಭವಾಗಿತ್ತೆಂಬುದು ನಿಶ್ಚಯ. ಕತೆ, ನುಡಿ, ಪರದೇಶಿಯ ಬರೆಹ ಈ ಮೂರನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ಇತಿಹಾಸ ತಿಳಿಯಾಗುತ್ತದೆ. ಪಾಲ್ ಹಾಕಿಂಗ್ಸ್ ಅವರ ಬಡಗ ಅಧ್ಯಯನಗಳು ಈ ಕ್ರಮಕ್ಕೆ ಮಾದರಿಯಾಗಿವೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ತೊಡಕು. ನಮ್ಮ ವಂಶಾವಳಿಗಳು ಬಹುಮಟ್ಟಿಗೆ ಗಂಡಸರ ಪಟ್ಟಿಗಳು. ಹೆಣ್ಣುಮಕ್ಕಳು ಮದುವೆಯಾಗಿ ಹೊರಟೊಡನೆ ಪುಟದಿಂದಲೂ ಹೊರಟುಹೋಗುತ್ತಾರೆ; ಮನೆಗೆ ಬಂದ ಸೊಸೆಯ ತವರೂರು ದಾಖಲಾಗುವುದೇ ಅಪರೂಪ. ಹತ್ತು ತಲೆಮಾರಿನ ವಂಶವೃಕ್ಷವೆಂದು ಹೆಮ್ಮೆಯಿಂದ ತೋರಿಸುವುದು ವಸ್ತುತಃ ಆ ವೃಕ್ಷದ ಒಂದೇ ಕೊಂಬೆಯನ್ನು.

೫

ಡಿ.ಎನ್.ಎ. ಸಾಕ್ಷ್ಯ ಈ ಸಂದರ್ಭದಲ್ಲಿ ಏನನ್ನು ಕೊಡಬಲ್ಲುದೆಂಬುದನ್ನು ಈಗ ನೋಡಬಹುದು. ಅದರಲ್ಲಿ ಮೂರು ಬಗೆಗಳುಂಟು. ತಂದೆಯಿಂದ ಮಗನಿಗೆ ಹೆಚ್ಚಿನ ಬದಲಾವಣೆಯಿಲ್ಲದೆ ಸಾಗುವ ವೈ ವರ್ಣತಂತು ಮೊದಲನೆಯದು. ತಾಯಿಯಿಂದ ಎಲ್ಲ ಮಕ್ಕಳಿಗೂ ಬಂದು, ಹೆಣ್ಣುಮಕ್ಕಳ ಮೂಲಕ ಮಾತ್ರ ಮುಂದುವರಿಯುವ ಮೈಟೊಕಾಂಡ್ರಿಯದ ಡಿ.ಎನ್.ಎ. ಎರಡನೆಯದು. ತಂದೆ ತಾಯಿ ಇಬ್ಬರಿಂದಲೂ ಬಂದು ಪ್ರತಿ ತಲೆಮಾರಿನಲ್ಲಿಯೂ ಕಲೆಯುವ ಉಳಿದ ಇಪ್ಪತ್ತೆರಡು ಜೊತೆ ವರ್ಣತಂತುಗಳು ಮೂರನೆಯವು.

ಮೊದಲ ಎರಡು ಬಹಳ ದೂರ ಕಾಣುತ್ತವೆ. ಆದರೆ ಒಂದೊಂದು ದಾರಿಯನ್ನು ಮಾತ್ರ ಕಾಣುತ್ತವೆ. ಹತ್ತನೆಯ ತಲೆಮಾರಿನಲ್ಲಿ ಒಬ್ಬನಿಗೆ ಲೆಕ್ಕದ ಪ್ರಕಾರ ೧,೦೨೪ ಪೂರ್ವಜರು. ಅವರಲ್ಲಿ ಒಬ್ಬ ಗಂಡಸಿನ ಹಾಗೂ ಒಬ್ಬ ಹೆಂಗಸಿನ ವಿಷಯವನ್ನಷ್ಟೇ ಇವು ಹೇಳಬಲ್ಲವು. ಮೂರನೆಯದು ಎಲ್ಲ ದಾರಿಗಳನ್ನೂ ಸೂಚಿಸುತ್ತದೆ. ಆದರೆ ತಲೆಮಾರು ತಲೆಮಾರಿಗೆ ಅರ್ಧರ್ಧವಾಗುತ್ತ ಹೋಗುವುದರಿಂದ, ಹತ್ತನೆಯ ತಲೆಮಾರಿನ ಪೂರ್ವಜರಲ್ಲಿ ಸುಮಾರು ಅರ್ಧದಷ್ಟು ಜನರಿಂದ ನಮ್ಮ ದೇಹಕ್ಕೆ ಒಂದು ತುಣುಕೂ ಬಂದಿರುವುದಿಲ್ಲ. ಅವರು ನಿಸ್ಸಂದೇಹವಾಗಿ ನಮ್ಮ ಪೂರ್ವಜರು. ಆದರೂ ಪರೀಕ್ಷೆಗೆ ಅವರು ಅಗೋಚರರು.

ದಕ್ಷಿಣ ಭಾರತದ ವಿವಾಹಪದ್ಧತಿ ಇನ್ನೊಂದು ತೊಡಕನ್ನು ಒಡ್ಡುತ್ತದೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಮೊದಲಾದವರೂ ಅಮೆರಿಕದ ವಿಜ್ಞಾನಿಗಳೂ ಕೂಡಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದ ಜನವರ್ಗಗಳಲ್ಲಿ ವ್ಯಾಪಕವಾದ ಬೆರಕೆ ಇಂದಿಗೆ ೪,೨೦೦ರಿಂದ ೧,೯೦೦ ವರ್ಷಗಳ ಹಿಂದಿನ ಅವಧಿಯಲ್ಲಿ ನಡೆದಿದ್ದು, ಅನಂತರ ಒಳಮದುವೆಯ ಕಟ್ಟು ಬಿಗಿಯಾಯಿತು. ೨೦೧೭ರ ಮತ್ತೊಂದು ಅಧ್ಯಯನ ದಕ್ಷಿಣ ಏಷ್ಯದ ೨೬೦ಕ್ಕೂ ಹೆಚ್ಚು ಜನವರ್ಗಗಳನ್ನು ಪರಿಶೀಲಿಸಿ, ಅವುಗಳಲ್ಲಿ ೮೧ ವರ್ಗಗಳು ಕೆಲವೇ ಮೂಲಪುರುಷರಿಂದ ಬೆಳೆದ ಗುರುತನ್ನು ಪ್ರಬಲವಾಗಿ ಹೊತ್ತಿವೆಯೆಂದು ತೋರಿಸಿತು. ಇದರ ಜೊತೆಗೆ ಸೋದರಮಾವನೊಡನೆ, ಸೋದರತ್ತೆಯ ಮಕ್ಕಳೊಡನೆ ನಡೆಯುವ ಮದುವೆಗಳಿವೆ. ಇಂಥ ಸಮುದಾಯದಲ್ಲಿ ಯಾವ ಇಬ್ಬರನ್ನು ಹೋಲಿಸಿದರೂ ಅವರು ಹತ್ತಿರದ ನೆಂಟರಂತೆ ತೋರುತ್ತಾರೆ. ಯುರೋಪಿನವರ ಲೆಕ್ಕಾಚಾರವನ್ನು ಆಧರಿಸಿದ ವಾಣಿಜ್ಯ ಪರೀಕ್ಷೆಯೊಂದು ಇಬ್ಬರು ದೇವಾಂಗರನ್ನು ಮೂರನೆಯ ತಲೆಮಾರಿನ ದಾಯಾದಿಗಳೆಂದು ಹೇಳಿದರೆ, ಅವರ ನಿಜವಾದ ಸಂಬಂಧ ಅದಕ್ಕಿಂತ ಎಷ್ಟೋ ಹಿಂದಿನದಾಗಿರಬಹುದು.

ತಮಿಳುನಾಡಿನ ೩೧ ಜನವರ್ಗಗಳ ೧,೬೮೦ ಗಂಡಸರ ವೈ ವರ್ಣತಂತುಗಳನ್ನು ಕುರಿತ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ಜನವರ್ಗಗಳ ನಡುವಣ ಭೇದಗಳು ಜಾತಿವ್ಯವಸ್ಥೆಗಿಂತ ಹಳೆಯವು, ಕೃಷಿಯ ಹರಡುವಿಕೆಯೊಂದಿಗೆ ಹೊಂದುವಂಥವು ಎಂಬುದು ಅದರ ನಿಲುವು. ಪ್ರಾಗಿತಿಹಾಸಕ್ಕೆ ಇದು ಬೆಲೆಯುಳ್ಳ ಮಾತು. ಆದರೆ ನಾಲ್ಕುನೂರು ವರ್ಷಗಳ ಹಿಂದೆ ಒಂದು ಮನೆತನ ಯಾವ ಊರನ್ನು ಬಿಟ್ಟಿತೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯದು. ನಾಲ್ಕೈದು ತಲೆಮಾರಿನ ಈಚೆಗೆ ಡಿ.ಎನ್.ಎ. ಸ್ಪಷ್ಟವಾಗಿ ನುಡಿಯುತ್ತದೆ, ಸಾವಿರಾರು ವರ್ಷಗಳ ಆಚೆಗೂ ನುಡಿಯುತ್ತದೆ. ಅವೆರಡರ ನಡುವೆ, ಅಂದರೆ ಕನ್ನಡಿಗರ ದಕ್ಷಿಣದ ವಲಸೆ ನಡೆದ ಕಾಲದ ವಿಷಯದಲ್ಲಿ, ಅದರ ದನಿ ಅಸ್ಪಷ್ಟವಾಗುತ್ತದೆ. ಈ ನಡುಗಾಲಕ್ಕೆ ಹೆಸರು, ಊರು, ವರ್ಷಗಳನ್ನು ಕೊಡುವುದು ಲಿಖಿತ ದಾಖಲೆ ಮಾತ್ರ.

ದಾಖಲೆಯೇ ಇಲ್ಲದ ಕಡೆ ಡಿ.ಎನ್.ಎ. ಮಾಡಿರುವ ಉಪಕಾರವನ್ನೂ ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಸಿದ್ಧಿಯರ ಪೂರ್ವಜರನ್ನು ಗುಲಾಮರನ್ನಾಗಿ ತಂದವರು ಅವರ ವಂಶಾವಳಿಯನ್ನು ಬರೆದಿಡಲಿಲ್ಲ. ೨೦೧೧ರಲ್ಲಿ ಪ್ರಕಟವಾದ ಅಧ್ಯಯನ ಕರ್ನಾಟಕ ಮತ್ತು ಗುಜರಾತಿನ ಸಿದ್ಧಿಯರ ಆಫ್ರಿಕ ಮೂಲವನ್ನು ದೃಢಪಡಿಸಿ, ಸ್ಥಳೀಯರೊಂದಿಗೆ ಅವರ ಬೆರಕೆ ಹೆಚ್ಚುಕಡಿಮೆ ಎಂಟು ತಲೆಮಾರಿನ ಈಚಿನದೆಂದು ತೋರಿಸಿತು. ಅಲ್ಲಿಯೂ ಒಬ್ಬ ಪೂರ್ವಜನ ಹೆಸರಾದರೂ ದೊರೆತಿಲ್ಲ. ದೊರೆತುದು ಒಂದು ಸಮುದಾಯದ ಇತಿಹಾಸ. ಒಂದು ಮನೆಯ ವಂಶಾವಳಿಯಲ್ಲ.

೬

ದಾಖಲೆಯ ವಂಶ ಮತ್ತು ದೇಹದ ವಂಶ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆ ಎಂಬುದನ್ನು ಎರಡು ನಿದರ್ಶನಗಳಿಂದ ವಿಶದಪಡಿಸಬಹುದು.

ತುಳುನಾಡಿನ ಅಳಿಯಸಂತಾನ ಪದ್ಧತಿ ಮೊದಲನೆಯದು. ಅಲ್ಲಿ ಆಸ್ತಿಯೂ ಬಳಿಯೂ ತಾಯಿಯ ಕಡೆಯಿಂದ ಬರುತ್ತವೆ. ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದ ಕಾಲದಲ್ಲಿ ಈ ಕುಟುಂಬಗಳ ವಿಭಾಗದ ವ್ಯಾಜ್ಯಗಳು ಮದರಾಸಿನ ಉಚ್ಚ ನ್ಯಾಯಾಲಯದವರೆಗೂ ಹೋಗುತ್ತಿದ್ದವು; ೧೯೪೯ರಲ್ಲಿ ಮದರಾಸು ಅಳಿಯಸಂತಾನ ಕಾಯಿದೆಯೂ ಬಂದಿತು. ಈ ವ್ಯಾಜ್ಯಗಳಲ್ಲಿ ಹಕ್ಕು ಹೆಣ್ಣಿನ ಮೂಲಕ ಸಾಗುವುದರಿಂದ, ಉಳಿದೆಡೆ ಬಿಟ್ಟುಹೋಗುವ ಅಜ್ಜಿ, ಮುತ್ತಜ್ಜಿಯರೇ ಇಲ್ಲಿ ವಂಶದ ಕೊಂಡಿಗಳು. ಮೈಟೊಕಾಂಡ್ರಿಯದ ದಾರಿಯೂ ಬಳಿಯ ದಾರಿಯೂ ತಾತ್ತ್ವಿಕವಾಗಿ ಒಂದೇ. ದಾಖಲೆ ಮತ್ತು ಡಿ.ಎನ್.ಎ.ಗಳನ್ನು ಒಂದರಿಂದ ಇನ್ನೊಂದನ್ನು ಪರೀಕ್ಷಿಸಲು ಕರ್ನಾಟಕದಲ್ಲಿ ಇದಕ್ಕಿಂತ ಪ್ರಶಸ್ತವಾದ ಕ್ಷೇತ್ರ ನಮಗೆ ತೋರದು.

ದತ್ತಕ ಎರಡನೆಯದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೫ರಲ್ಲಿ ಚಾಮರಾಜೇಂದ್ರ ಒಡೆಯರನ್ನು ದತ್ತು ಪಡೆದರು. ಆ ದತ್ತಕವನ್ನು ಬ್ರಿಟಿಷ್ ಸರ್ಕಾರ ಮನ್ನಿಸಿದುದರಿಂದಲೇ ೧೮೮೧ರಲ್ಲಿ ರಾಜ್ಯ ಮರಳಿ ಒಡೆಯರ ಮನೆತನದ ಕೈಸೇರಿತು. ಆಧುನಿಕ ಮೈಸೂರಿನ ಇತಿಹಾಸವೇ ಒಂದು ದತ್ತಕಪತ್ರವನ್ನು ಆಧರಿಸಿ ನಿಂತಿದೆ. ಧರ್ಮಶಾಸ್ತ್ರಕ್ಕೂ ನ್ಯಾಯಾಲಯಕ್ಕೂ ದತ್ತಪುತ್ರನು ಪುತ್ರನೇ. ಪಿಂಡ, ಆಸ್ತಿ, ಹೆಸರು, ಋಣ ಎಲ್ಲವೂ ಅವನ ಮೂಲಕ ಸಾಗುತ್ತವೆ. ಹೀಗಿರುವಾಗ ಸಾಮಾನ್ಯ ಮನೆತನವೊಂದರಲ್ಲಿ ವೈ ವರ್ಣತಂತು ಹೊಂದದಿದ್ದರೆ ವಂಶಾವಳಿ ಸುಳ್ಳೆಂದು ಸಾರುವುದು ಅವಸರದ ಮಾತಾಗುತ್ತದೆ. ದತ್ತು, ಮನೆಅಳಿಯತನ, ಗಂಡ ಸತ್ತವಳ ಮರುಮದುವೆ, ಅನಾಥ ಮಗುವಿನ ಪೋಷಣೆ ಮೊದಲಾದ ಹಲವು ಮಾನವೀಯ ಕಾರಣಗಳು ಆ ಭೇದದ ಹಿಂದೆ ಇರಬಹುದು.

ನ್ಯಾಯಶಾಸ್ತ್ರವೂ ಈ ವಿಷಯದಲ್ಲಿ ಎಚ್ಚರದಿಂದ ನಡೆದಿದೆ. ದಾಂಪತ್ಯ ಜಾರಿಯಲ್ಲಿರುವಾಗ ಹುಟ್ಟಿದ ಮಗು ಔರಸವೆಂಬ ೧೮೭೨ರ ಸಾಕ್ಷ್ಯ ಕಾಯಿದೆಯ ತತ್ತ್ವ ೨೦೨೩ರ ಹೊಸ ಕಾಯಿದೆಯಲ್ಲಿಯೂ ಉಳಿದುಬಂದಿದೆ. ರಕ್ತಪರೀಕ್ಷೆಯನ್ನು ಮಾಮೂಲಾಗಿ ಆಜ್ಞಾಪಿಸಬಾರದು, ಯಾರನ್ನೂ ಅದಕ್ಕೆ ಬಲವಂತಪಡಿಸಬಾರದು ಎಂದು ಸರ್ವೋಚ್ಚ ನ್ಯಾಯಾಲಯ ೧೯೯೩ರಲ್ಲಿ ಹೇಳಿತು. ಆದರೆ ವಿಶ್ವಸನೀಯವಾದ ಡಿ.ಎನ್.ಎ. ಪರೀಕ್ಷೆ ನಡೆದಿರುವಲ್ಲಿ ಅದನ್ನು ಕಡೆಗಣಿಸಲಾಗದೆಂದು ೨೦೧೪ರಲ್ಲಿ ಅದೇ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಸತ್ಯ ಮತ್ತು ಘನತೆ ಇವೆರಡನ್ನೂ ತೂಗಿ ನಡೆಯಬೇಕೆಂಬುದು ಇದರ ತಾತ್ಪರ್ಯ. ಸಂಶೋಧಕನಿಗೂ ಇದು ಪಾಠ. ಒಬ್ಬನ ಮಾದರಿ ಅವನೊಬ್ಬನ ಗುಟ್ಟನ್ನಷ್ಟೇ ಹೊರಗೆಡಹುವುದಿಲ್ಲ. ಕೇಳದೆಯೇ ಅವನ ಅಣ್ಣತಮ್ಮಂದಿರ, ಸತ್ತ ಅಜ್ಜಿಯ ವಿಷಯವನ್ನೂ ಹೇಳಿಬಿಡುತ್ತದೆ. ಲಕ್ಷಾಂತರ ಜನರ ಮಾದರಿಗಳನ್ನು ಸಂಗ್ರಹಿಸಿದ್ದ ಅಮೆರಿಕದ ಟ್ವೆಂಟಿಥ್ರೀ ಆಂಡ್ ಮಿ ಸಂಸ್ಥೆ ೨೦೨೫ರ ಮಾರ್ಚಿಯಲ್ಲಿ ದಿವಾಳಿ ಅರ್ಜಿ ಸಲ್ಲಿಸಿದಾಗ, ಆ ಮಾಹಿತಿ ಯಾರ ಕೈಸೇರುವುದೆಂಬ ಆತಂಕ ಎದ್ದಿತು.

೭

ಎಳುಂಬೂರಿನ ದಾಖಲೆ ಭಂಡಾರಕ್ಕೆ ಸಮೀಪದಲ್ಲಿಯೇ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ೧೮೮೫ರಿಂದ ಅದರ ಮೇಲ್ವಿಚಾರಕನಾಗಿದ್ದ ಎಡ್ಗರ್ ಥರ್ಸ್ಟನ್ ತಲೆಬುರುಡೆಯ ಅಗಲವನ್ನೂ ಮೂಗಿನ ಉದ್ದಗಲವನ್ನೂ ಅಳೆದು ಜಾತಿಗಳ ಮೂಲವನ್ನು ನಿರ್ಧರಿಸಬಹುದೆಂದು ನಂಬಿದ್ದನು. ಕೆ. ರಂಗಾಚಾರಿಯವರ ನೆರವಿನಿಂದ ಅವನು ೧೯೦೯ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ನಮ್ಮ ಕನ್ನಡ ಸಮುದಾಯಗಳೂ ಇವೆ. ಅವನು ಸಂಗ್ರಹಿಸಿದ ಕತೆ, ಆಚಾರ, ಬೆಡಗುಗಳ ಹೆಸರುಗಳು ಇಂದಿಗೂ ಉಪಯುಕ್ತ. ಅವನ ಮೂಗಿನ ಅಳತೆಗಳನ್ನು ಯಾರೂ ಬಳಸುವುದಿಲ್ಲ. ಡಿ.ಎನ್.ಎ. ವಿಜ್ಞಾನ ಥರ್ಸ್ಟನ್ನನ ಅಳತೆಗೋಲಿನಂಥದಲ್ಲ. ಅದರ ಬುನಾದಿ ಭದ್ರವಾಗಿದೆ. ಆದರೆ ದೇಹದ ಅಳತೆಯಿಂದ ಸಮಾಜದಲ್ಲಿನ ಸ್ಥಾನವನ್ನು ಓದಿಬಿಡುವ ಚಪಲ ಅಂದಿನಂತೆ ಇಂದೂ ಇದೆ. ಜಾತಿ ಪ್ರಮಾಣಪತ್ರದ ವಿವಾದಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯ ೧೯೯೪ರಲ್ಲಿ ಗೊತ್ತುಮಾಡಿದ ಕ್ರಮ ಶಾಲೆಯ ವಹಿಗಳನ್ನೂ ಮನೆತನದ ದಾಖಲೆಗಳನ್ನೂ ಆಚಾರಗಳನ್ನೂ ಪರಿಶೀಲಿಸಲು ಹೇಳುತ್ತದೆ. ಅದು ರಕ್ತವನ್ನು ಆಧರಿಸಿದುದಲ್ಲ. ಜಾತಿ ಒಂದು ಸಾಮಾಜಿಕ ಸಂಸ್ಥೆ. ಅದರ ಸಾಕ್ಷ್ಯವೂ ಸಮಾಜದಲ್ಲಿಯೇ ಇದೆ.

೮

ಮೂಲಶೋಧನೆಗೆ ಹೊರಡುವವರು ಅನುಸರಿಸಬೇಕಾದ ಕ್ರಮವನ್ನು ಒಂದು ಕಲ್ಪಿತ ನಿದರ್ಶನದಿಂದ ಸೂಚಿಸುತ್ತೇವೆ. ಚೆನ್ನೈನ ಮನೆತನವೊಂದು 'ಹಂಪೆ ಹಾಳಾದಾಗ ಬಂದೆವು' ಎಂದು ಹೇಳುತ್ತದೆಂದು ಭಾವಿಸೋಣ. ಮೊದಲು ಮನೆಯ ಹಿರಿಯ ಹೆಂಗಸರನ್ನು ಕೇಳಿ ಮನೆದೇವರು, ಬೆಡಗು, ತವರೂರುಗಳನ್ನು ಬರೆದುಕೊಳ್ಳಬೇಕು. ಬಳಿಕ ಈಚಿನಿಂದ ಹಿಂದಕ್ಕೆ ದಾಖಲೆಗಳಲ್ಲಿ ಸಾಗಬೇಕು: ಕ್ರಯಪತ್ರ, ಶಾಲೆಯ ವಹಿ, ಇನಾಮು ನಮೂದು, ಕೈಫಿಯತ್ತು. ಆಗ ಬಳ್ಳಾರಿ ಸೀಮೆಯ ಊರೊಂದರ ಹೆಸರು ಸಿಕ್ಕಿತೆನ್ನೋಣ. ಆ ಊರಿನಲ್ಲಿ ಅದೇ ಬೆಡಗಿನ ಮನೆತನವಿದ್ದು, ಎರಡೂ ಕಡೆಯವರು ಮನಃಪೂರ್ವಕವಾಗಿ ಒಪ್ಪಿದರೆ ಮಾತ್ರ ಡಿ.ಎನ್.ಎ. ಹೋಲಿಕೆಗೆ ಅರ್ಥವಿದೆ. ವೈ ವರ್ಣತಂತು ಹೊಂದಿದರೆ ಇಬ್ಬರಿಗೂ ಒಬ್ಬ ಸಮಾನ ಮೂಲಪುರುಷನಿದ್ದನೆಂದು ತಿಳಿಯುತ್ತದೆ. ಅವನು ೧೫೬೫ರವನೋ, ಅದಕ್ಕೂ ಐನೂರು ವರ್ಷ ಹಿಂದಿನವನೋ ಎಂಬುದು ಅದರಿಂದಲೇ ಖಚಿತವಾಗದು. ಹೊಂದದಿದ್ದರೆ ದತ್ತಕಪತ್ರವನ್ನು ಹುಡುಕಬೇಕು, ಬೆಡಗಿಗೆ ಹೊರಗಿನವರು ಸೇರಿಕೊಂಡ ಬಗೆಯನ್ನು ವಿಚಾರಿಸಬೇಕು. ಹೊಂದಾಣಿಕೆಯಾಗದ ಕಡೆಯಲ್ಲಿಯೇ ಎಷ್ಟೋ ವೇಳೆ ನಿಜವಾದ ಇತಿಹಾಸ ಅಡಗಿರುತ್ತದೆ.

ಒಟ್ಟಿನಲ್ಲಿ, ಡಿ.ಎನ್.ಎ. ಜನನವನ್ನು ಹೇಳುತ್ತದೆ, ದಾಖಲೆ ಯಾರು ಯಾರನ್ನು ತಮ್ಮವರೆಂದು ಒಪ್ಪಿಕೊಂಡರೆಂಬುದನ್ನು ಹೇಳುತ್ತದೆ. ನಾವು ವಂಶವೆಂದು ಕರೆಯುತ್ತ ಬಂದುದು ಇವೆರಡರಿಂದಲೂ ಆದುದು. ಮನುಷ್ಯನ ಡಿ.ಎನ್.ಎ.ಯನ್ನು ಮುಂದೆಯೂ ಪರೀಕ್ಷಿಸಬಹುದು, ಇಂದಿಗಿಂತ ಸೂಕ್ಷ್ಮವಾಗಿಯೂ ಪರೀಕ್ಷಿಸಬಹುದು. ಆದರೆ ಅಟ್ಟದ ಮೇಲೆ ಹುಳು ತಿನ್ನುತ್ತಿರುವ ಓಲೆಗರಿ, ಓದಬಲ್ಲವರಿಲ್ಲದೆ ಮೂಲೆಗೆ ಬಿದ್ದಿರುವ ಕಡತ, ಎಂಬತ್ತು ದಾಟಿದ ಅಜ್ಜಿಯ ನೆನಪು ಇವು 'ಮುಂದೆ'ಯವರೆಗೆ ಉಳಿಯುವುದಿಲ್ಲ. ಹೊರನಾಡಿನ ಕನ್ನಡ ಮನೆತನಗಳೂ, ಅವರ ನಡುವೆ ಕೆಲಸ ಮಾಡುವ ಸಂಶೋಧಕರೂ ಮೊದಲು ಕೈಹಾಕಬೇಕಾದುದು ಈ ಅಳಿಯುತ್ತಿರುವ ಆಕರಗಳಿಗೆ ಎಂಬುದು ನಮ್ಮ ವಿನಮ್ರ ಅಭಿಪ್ರಾಯ.